ಮೈಸೂರಿನ ಸನದು ಗ್ಲಾಸ್ಗೋದಲ್ಲಿ ಎಲ್ಲಿಯವರೆಗೆ ನಡೆಯುತ್ತದೆ?

ಪ್ರಶ್ನೆ: ಮೈಸೂರಿನಲ್ಲಿ ಏಳು ವರ್ಷದಿಂದ ಸಿವಿಲ್ ವಕೀಲಿಕೆ ಮಾಡುತ್ತಿದ್ದೇನೆ. ಹೆಚ್ಚಾಗಿ ಜಮೀನು ವ್ಯಾಜ್ಯ, ವಿಭಾಗದ ದಾವೆ. ಪತಿಗೆ ಗ್ಲಾಸ್ಗೋದಲ್ಲಿ ಕೆಲಸ ಸಿಕ್ಕಿದೆ, ನಾಲ್ಕು ತಿಂಗಳಲ್ಲಿ ಹೊರಡುತ್ತೇವೆ. ಎಸ್‌ಕ್ಯೂಇ ಪರೀಕ್ಷೆ ಬರೆದರೆ ಅಲ್ಲಿ ವಕೀಲಿಕೆ ಮಾಡಬಹುದೆ? ಸ್ಕಾಟ್ಲೆಂಡಿನ ಕಾನೂನು ಈಚೆಗೆ ತುಂಬ ಬದಲಾಗಿದೆ ಎನ್ನುತ್ತಾರೆ, ಏನನ್ನು ಓದಿಕೊಳ್ಳಲಿ? ಅಲ್ಲಿಯವರೆಗೆ ನಮ್ಮ ಕಡೆಯವರಿಗೆ ಸಲಹೆ ಕೊಟ್ಟು ಒಂದಿಷ್ಟು ದುಡಿಯಬಹುದೆ?

ಉತ್ತರ: ಎಸ್‌ಕ್ಯೂಇ ವಿಷಯವನ್ನು ಮೊದಲು ಮುಗಿಸೋಣ. ಅದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್ (ಕಕ್ಷಿದಾರರ ಕೆಲಸವನ್ನು ನೇರವಾಗಿ ನೋಡುವ ವಕೀಲ) ಆಗುವ ಪರೀಕ್ಷೆ. ಪಾಸಾದರೂ ಗ್ಲಾಸ್ಗೋ ಶೆರಿಫ್ ಕೋರ್ಟಿನಲ್ಲಿ (ಅಲ್ಲಿನ ಸ್ಥಳೀಯ ನ್ಯಾಯಾಲಯ) ಎದ್ದು ನಿಲ್ಲುವ ಹಕ್ಕು ಅದರಿಂದ ಬರುವುದಿಲ್ಲ. 1707ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡರ ಪಾರ್ಲಿಮೆಂಟುಗಳು ಒಂದಾದವು, ಕಾನೂನುಗಳು ಒಂದಾಗಲಿಲ್ಲ. ಎಡಿನ್‌ಬರೋದ ಕೋರ್ಟ್ ಆಫ್ ಸೆಷನ್ (ಸ್ಕಾಟ್ಲೆಂಡಿನ ಮೇಲಿನ ಸಿವಿಲ್ ಕೋರ್ಟು) ಇದ್ದ ಹಾಗೇ ಇರತಕ್ಕದ್ದು ಎಂದು ಒಕ್ಕೂಟದ ಒಪ್ಪಂದದ 19ನೇ ವಿಧಿಯೇ ಹೇಳಿತು. ನೀವು ಓದಿದ ಕಾಂಟ್ರಾಕ್ಟ್ ಕಾಯ್ದೆ, ಸಾಕ್ಷ್ಯ ಕಾಯ್ದೆಗಳ ಬೇರು ಇಂಗ್ಲಿಷ್ ಕಾಮನ್ ಲಾದಲ್ಲಿದೆ. ಸ್ಕಾಟ್ ಕಾನೂನಿನ ಬೇರು ಅರ್ಧ ರೋಮನ್ ಕಾನೂನಿನಲ್ಲಿದೆ. ಹಾಗಾಗಿ ಭಾರತದ ವಕೀಲರಿಗೆ ಲಂಡನ್ನಿನ ಕಾನೂನು ಪುಸ್ತಕ ಪರಿಚಿತ ಅನ್ನಿಸುತ್ತದೆ, ಎಡಿನ್‌ಬರೋದ್ದು ಅಪರಿಚಿತ ಅನ್ನಿಸುತ್ತದೆ. ನಿಜವಾದ ತೊಂದರೆ ಇರುವುದು ಪೂರ್ತಿ ಅಪರಿಚಿತವಾದದ್ದರಲ್ಲಲ್ಲ, ಪರಿಚಿತವೆಂದು ಕಾಣುವ ಪದಗಳಲ್ಲಿ.

ಎಸ್‌ಕ್ಯೂಇ ದಂಡ ಎಂದೂ ಹೇಳಲಾರೆ. ಬೇರೆ ದೇಶದಲ್ಲಿ ಸನದು (ವಕೀಲಿಕೆಯ ಪರವಾನಗಿ) ಪಡೆದವರಿಗೆ ಅದರ ಎರಡು ವರ್ಷದ ಅನುಭವದ ಷರತ್ತು ಅನ್ವಯಿಸುವುದಿಲ್ಲ. ಗ್ಲಾಸ್ಗೋ, ಎಡಿನ್‌ಬರೋಗಳಲ್ಲಿ ಇಂಗ್ಲಿಷ್ ಕಾನೂನಿನ ಕಡತಗಳನ್ನು ನೋಡುವ ದೊಡ್ಡ ಸಂಸ್ಥೆಗಳ ಶಾಖೆಗಳಿವೆ, ಬ್ಯಾಂಕುಗಳಿವೆ. ಕಂಪನಿ ಕರಾರು ನಿಮ್ಮ ದಾರಿಯಾದರೆ ಬರೆಯಿರಿ. ಆದರೆ ಜಮೀನು, ವಿಭಾಗ, ವಿಲ್ ನಿಮ್ಮ ಕೈಯ ಕೆಲಸ. ಸ್ಕಾಟ್ ಕಾನೂನು ಇಂಗ್ಲಿಷ್ ಕಾನೂನಿನಿಂದ ಅತಿ ಹೆಚ್ಚು ದೂರ ಇರುವುದು ಇವುಗಳಲ್ಲೇ. ನಿಮ್ಮ ಜಾಗದಲ್ಲಿರುವವರಿಗೆ ನಾನು ಎಸ್‌ಕ್ಯೂಇ ಹೇಳುವುದಿಲ್ಲ.

ದಾರಿಗಳು

ಮೊದಲ ಅರ್ಜಿ ಅಲ್ಲಿನ ಸಾಲಿಸಿಟರುಗಳ ನಿಯಂತ್ರಕ ಸಂಸ್ಥೆಯಾದ ಲಾ ಸೊಸೈಟಿ ಆಫ್ ಸ್ಕಾಟ್ಲೆಂಡ್‌ಗೆ. ಹೊರದೇಶದ ವಕೀಲರ ಅರ್ಜಿಯನ್ನು ಅವರು ಒಬ್ಬೊಬ್ಬರದಾಗಿ ತೂಗುತ್ತಾರೆ: ಏನು ಓದಿದ್ದೀರಿ, ಎಷ್ಟು ವರ್ಷ ಎಂಥ ಕೆಲಸ ಮಾಡಿದ್ದೀರಿ, ಯಾವುದರಿಂದ ವಿನಾಯಿತಿ, ಯಾವುದಕ್ಕೆ ಪರೀಕ್ಷೆ. ಆಸ್ತಿ ಕಾನೂನು, ಟ್ರಸ್ಟ್ ಮತ್ತು ಉತ್ತರಾಧಿಕಾರ, ಕ್ರಿಮಿನಲ್ ಕಾನೂನು, ಸಾಕ್ಷ್ಯ, ಕೋರ್ಟ್ ಕಾರ್ಯವಿಧಾನ, ಇವುಗಳಲ್ಲಿ ವಿನಾಯಿತಿಯ ಆಸೆ ಇಟ್ಟುಕೊಳ್ಳಬೇಡಿ. ಲಿಖಿತ ಉತ್ತರ ಕೈಗೆ ಬರುವ ತನಕ ಯಾವ ಕೋರ್ಸಿಗೂ ದುಡ್ಡು ಕಟ್ಟಬೇಡಿ. ಮೊದಲು ಕೋರ್ಸು ಸೇರಿ, ಅದು ಬೇಕಿರಲಿಲ್ಲ ಅಥವಾ ಸಾಲದು ಎಂದು ಆಮೇಲೆ ತಿಳಿದುಕೊಳ್ಳುವವರು ತುಂಬ ಜನ.

ಹೊರಡುವ ಮುನ್ನ ಒಟ್ಟುಮಾಡಬೇಕಾದದ್ದು: ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ನೀವು ಓದಿದ ವರ್ಷದ ಪಠ್ಯಕ್ರಮ (ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದಾದರೆ ಮೊಹರು ಹಾಕಿಸಿದ ಪ್ರತಿ), ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಿಂದ ಸನ್ನಡತೆಯ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್, ಸೀನಿಯರ್ ಕೊಟ್ಟ ಪತ್ರ. ಆ ಪತ್ರದಲ್ಲಿ 'ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ' ಎಂದಿದ್ದರೆ ಪ್ರಯೋಜನವಿಲ್ಲ. ಎಷ್ಟು ದಾವೆಗೆ ವಾದಪತ್ರ ಬರೆದಿರಿ, ಎಷ್ಟರಲ್ಲಿ ಪಾಟೀಸವಾಲು ಮಾಡಿದಿರಿ, ಎಷ್ಟು ಕ್ರಯಪತ್ರ ತಯಾರಿಸಿದಿರಿ, ಇದು ಅಂಕಿಯಲ್ಲಿ ಇರಲಿ. ಪಠ್ಯಕ್ರಮದ ಪ್ರತಿಯನ್ನು ಗ್ಲಾಸ್ಗೋದಲ್ಲಿ ಕೂತು ಹುಬ್ಬಳ್ಳಿಯಿಂದ ತರಿಸಿಕೊಳ್ಳುವುದು ಎಷ್ಟು ತಿಂಗಳ ಕೆಲಸ ಎಂದು ನಿಮಗೇ ಗೊತ್ತು.

ಪೂರ್ಣ ದಾರಿ ಹೀಗಿದೆ. ಪದವೀಧರರಿಗೆ ಎರಡು ವರ್ಷದ ವೇಗದ ಎಲ್‌ಎಲ್‌ಬಿ. ಅದರ ಮೇಲೆ ಒಂದು ವರ್ಷದ ಡಿಪ್ಲೊಮಾ. ಅಬರ್ಡೀನ್, ರಾಬರ್ಟ್ ಗಾರ್ಡನ್, ಡಂಡೀ, ಎಡಿನ್‌ಬರೋ, ಗ್ಲಾಸ್ಗೋ, ಸ್ಟ್ರಾತ್‌ಕ್ಲೈಡ್, ಈ ಆರು ವಿಶ್ವವಿದ್ಯಾಲಯಗಳಲ್ಲಿದೆ. ಆಮೇಲೆ ಎರಡು ವರ್ಷ ಟ್ರೇನಿ. ಒಟ್ಟು ಐದು ವರ್ಷ. ಇನ್ನೊಂದು ದಾರಿಯಲ್ಲಿ ಮೂರು ವರ್ಷ ಕಚೇರಿಯಲ್ಲಿ ದುಡಿಯುತ್ತಲೇ ಲಾ ಸೊಸೈಟಿಯ ಪರೀಕ್ಷೆಗಳನ್ನು ಬರೆದು, ಬಳಿಕ ಡಿಪ್ಲೊಮಾ ಮತ್ತು ಟ್ರೇನಿ ಅವಧಿ ಮುಗಿಸಬೇಕು. ಸಂಬಳ ಬರುತ್ತದೆ, ಆದರೆ ಕರಾರು ಕೊಡುವ ಕಚೇರಿ ಸಿಗುವುದು ಕಷ್ಟ. ವಿನಾಯಿತಿ ಎಷ್ಟು ಸಿಕ್ಕಿತು ಎಂಬುದರ ಮೇಲೆ ನಿಮ್ಮ ಲೆಕ್ಕ ಇವುಗಳಿಗಿಂತ ಚಿಕ್ಕದಾಗುತ್ತದೆ.

ಪತಿಯ ಸ್ಕಿಲ್ಡ್ ವರ್ಕರ್ ವೀಸಾದ ಅವಲಂಬಿತರಾಗಿ ಹೋಗುವುದಾದರೆ ಕೆಲಸ ಮಾಡುವ ಹಕ್ಕು ಅದರಲ್ಲೇ ಇದೆ. ಇದು ದೊಡ್ಡ ಅನುಕೂಲ. ಒಂಟಿಯಾಗಿ ಹೋಗುವವರಿಗೆ 2025ರ ಜುಲೈ 22ರಿಂದ ಆ ವೀಸಾಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ 33,400. ಪೇಟೆಬೀದಿಯ ಸಣ್ಣ ಕಚೇರಿಯ ಟ್ರೇನಿ ಸಂಬಳ ಆ ಕೆಳಗಿನ ಮಿತಿಯನ್ನೂ ಮುಟ್ಟುವುದು ಕಷ್ಟ. ಅಂಥವರು ದೊಡ್ಡ ಸಂಸ್ಥೆಯನ್ನೇ ಹುಡುಕಬೇಕಾಗುತ್ತದೆ.

ಭಾರತದ ಕಡೆಯಿಂದ ಒಂದು ಎಚ್ಚರಿಕೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದ ಪ್ರಕಾರ ವಕೀಲಿಕೆ ಮಾಡುತ್ತಿರುವವರು ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಕೆಲಸಕ್ಕೆ ಸೇರಿದ ಕೂಡಲೇ ರಾಜ್ಯ ಪರಿಷತ್ತಿಗೆ ತಿಳಿಸಿ ಸನದನ್ನು ಅಮಾನತಿನಲ್ಲಿ ಇಡಬೇಕು. ಇದನ್ನು ಬಿಟ್ಟರೆ ನಾಳೆ ಗ್ಲಾಸ್ಗೋದಲ್ಲಿ 'ನಿಮ್ಮ ಹಿಂದಿನ ನಿಯಂತ್ರಕರ ಯಾವುದಾದರೂ ನಿಯಮ ಮೀರಿದ್ದೀರಾ' ಎಂಬ ಕಾಲಂ ತುಂಬುವಾಗ ಕೈ ತಡೆಯುತ್ತದೆ.

ನಮ್ಮ ಕಡೆಯವರಿಗೆ ಸಲಹೆ

ದುಡ್ಡು ತೆಗೆದುಕೊಂಡು ಮಾಡಬಾರದ ಕೆಲಸಗಳನ್ನು ಸಾಲಿಸಿಟರ್ಸ್ (ಸ್ಕಾಟ್ಲೆಂಡ್) ಕಾಯ್ದೆ 1980ರ 32ನೇ ಕಲಮು ಹೇಳುತ್ತದೆ: ಆಸ್ತಿ ಪತ್ರ ಬರೆಯುವುದು, ಕೋರ್ಟಿನ ದಾವೆಪತ್ರ ಬರೆಯುವುದು, ಸತ್ತವರ ಆಸ್ತಿಗೆ ಕೋರ್ಟಿನ ಮಂಜೂರಾತಿ ಪಡೆಯುವ ಕಾಗದ ತಯಾರಿಸುವುದು. ವಿಲ್ ಬರೆಯುವುದು ಇದರ ಹೊರಗಿದೆ. ಹೊರಗಿದೆ ಎಂದು ಕೈ ಹಾಕಬೇಡಿ. ಯಾಕೆಂದು ಕೆಳಗಿನ ಲೆಕ್ಕ ನೋಡಿದ ಮೇಲೆ ತಿಳಿಯುತ್ತದೆ.

ವೀಸಾ ಸಲಹೆ ಇನ್ನೂ ಕಟ್ಟುನಿಟ್ಟು. 1999ರ ವಲಸೆ ಮತ್ತು ಆಶ್ರಯ ಕಾಯ್ದೆಯಡಿ, ನೋಂದಣಿ ಇಲ್ಲದವರು ವೃತ್ತಿಯ ರೀತಿಯಲ್ಲಿ ವಲಸೆ ಸಲಹೆ ಕೊಟ್ಟರೆ ಅದು ಅಪರಾಧ, ಲಾಭ ಇರಲಿ ಬಿಡಲಿ. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ 'ಅವರು ಲಾಯರ್, ಕೇಳಿ' ಎಂದು ನಿಮ್ಮ ನಂಬರು ಹರಿದಾಡಲು ಶುರುವಾದ ದಿನವೇ ಎಚ್ಚರವಾಗಿ. 'ಲಾಯರ್' ಎಂಬ ಪದಕ್ಕೂ ಈಗ ಬೇಲಿ ಬೀಳುತ್ತಿದೆ. 2025ರ ಕಾನೂನು ಸೇವೆಗಳ ನಿಯಂತ್ರಣ ಕಾಯ್ದೆ, ಅರ್ಹತೆ ಇಲ್ಲದವರು ವಂಚಿಸುವ ಉದ್ದೇಶದಿಂದ ಆ ಹೆಸರು ಹೇಳಿಕೊಂಡು ಸೇವೆ ಮಾರುವುದನ್ನು ಅಪರಾಧವಾಗಿಸುತ್ತದೆ.

ದುಡಿಯುವ ನೇರ ದಾರಿ ಪ್ಯಾರಾಲೀಗಲ್ ಕೆಲಸ. ಲಾ ಸೊಸೈಟಿಯೇ ಮಾನ್ಯತೆ ಕೊಡುವ ಪ್ಯಾರಾಲೀಗಲ್ ದರ್ಜೆ ಇದೆ. ಏಳು ವರ್ಷ ಸ್ವಂತ ವಕಾಲತ್ತು ಹಾಕಿದವರಿಗೆ ಇದು ಕೆಳಗಿಳಿದಂತೆ ಅನ್ನಿಸಬಹುದು. ಆದರೂ ಮನೆ ಮಾರಾಟ ನೋಡುವ ಕಚೇರಿಯಲ್ಲಿ ಒಂದು ವರ್ಷ ಕೂತರೆ ಪರೀಕ್ಷೆಯ ಆಸ್ತಿ ಪತ್ರಿಕೆ ಅರ್ಧ ಮುಗಿದಂತೆ.

ಪರಿಚಿತ ಪದ, ಬೇರೆ ಅರ್ಥ

ನೀವು ಅಡ್ವೊಕೇಟ್. ಅಲ್ಲಿ ಹಾಗೆ ಪರಿಚಯಿಸಿಕೊಂಡರೆ ಫ್ಯಾಕಲ್ಟಿ ಆಫ್ ಅಡ್ವೊಕೇಟ್ಸ್ ಸದಸ್ಯರು, ಅಂದರೆ ಮೇಲಿನ ಕೋರ್ಟುಗಳಲ್ಲಿ ವಾದಿಸುವ ಕೌನ್ಸೆಲ್ ಎಂದು ಅರ್ಥ. ಆ ದಾರಿಗೆ ಸಾಲಿಸಿಟರ್ ಕಚೇರಿಯ ತರಬೇತಿಯ ಮೇಲೆ, ಹಿರಿಯರೊಬ್ಬರ ಜೊತೆ ಸಂಬಳವಿಲ್ಲದೆ ತಿಂಗಳುಗಟ್ಟಲೆ ಕಲಿಯಬೇಕು. ಅದಕ್ಕೆ ಡೆವಿಲಿಂಗ್ ಎಂದೇ ಹೆಸರು. ಶೆರಿಫ್ ಪೊಲೀಸ್ ಅಲ್ಲ, ನ್ಯಾಯಾಧೀಶ. ಡಯಟ್ ಎಂದರೆ ವಿಚಾರಣೆಯ ದಿನ, ಪಥ್ಯವಲ್ಲ. ಪ್ರೂಫ್ ಎಂದರೆ ಸಿವಿಲ್ ದಾವೆಯ ಸಾಕ್ಷ್ಯ ವಿಚಾರಣೆ. ನಮ್ಮ ತಡೆಯಾಜ್ಞೆ ಅಲ್ಲಿ ಇಂಟರ್‌ಡಿಕ್ಟ್, ವಾದಿ ಪರ್ಸ್ಯೂಅರ್, ಪ್ರತಿವಾದಿ ಡಿಫೆಂಡರ್, ತೀರ್ಪು ಕಾಯ್ದಿರಿಸಿದರೆ ಅವಿಜಾಂಡಮ್. ಡಿಕ್ರಿ ಮಾತ್ರ ಡಿಕ್ರಿಯೇ.

ವಾದಪತ್ರದ ಕಲೆಯಲ್ಲಿ ನಿಮಗೆ ಮೇಲುಗೈ ಇದೆ. ಶೆರಿಫ್ ಕೋರ್ಟಿನ ಸಾಮಾನ್ಯ ದಾವೆಯಲ್ಲಿ ಸಮನ್ಸ್ ತಲುಪಿದ 21 ದಿನದೊಳಗೆ ಪ್ರತಿವಾದಿ ಹಾಜರಿ ಸೂಚನೆ ಕೊಡಬೇಕು, ಆ ಅವಧಿ ಮುಗಿದ 14 ದಿನದಲ್ಲಿ ಜವಾಬು ಹಾಕಬೇಕು. ಆಮೇಲೆ ಇಬ್ಬರೂ ತಮ್ಮ ಬರಹ ತಿದ್ದುತ್ತಾ ಹೋಗಿ, ಕೊನೆಗೆ ವಾದ ಪ್ರತಿವಾದ ಎರಡೂ ಹೆಣೆದ ಒಂದೇ ದಾಖಲೆ ಸಿದ್ಧವಾಗುತ್ತದೆ. ಸ್ವಂತ ತಿಳಿವಿನ ವಿಷಯವನ್ನು ನಿರ್ದಿಷ್ಟವಾಗಿ ಅಲ್ಲಗಳೆಯದಿದ್ದರೆ ಒಪ್ಪಿದಂತೆ, ಥೇಟ್ ನಮ್ಮ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 8ನೇ ಆದೇಶದ 5ನೇ ನಿಯಮ. 'ವಾದಪತ್ರದ 3ನೇ ಪ್ಯಾರಾ ಸುಳ್ಳು, ಒಪ್ಪುವುದಿಲ್ಲ' ಎಂದು ಸಾರಾಸಗಟಾಗಿ ಬರೆಯುವ ನಮ್ಮೂರ ಚಾಳಿ ಮಾತ್ರ ಬಿಟ್ಟು ಹೋಗಿ.

ಎಡವುವ ಜಾಗ ವಾಯಿದೆ, ಅಂದರೆ ದಾವೆ ಹೂಡುವ ಕಾಲಮಿತಿ. ನಮ್ಮ 1963ರ ವಾಯಿದೆ ಕಾಯ್ದೆಯಲ್ಲಿ ಮೂರು ವರ್ಷ ಮೀರಿದ ಸಾಲಕ್ಕೆ ದಾವೆ ಬಾರದು, ಆದರೆ ಸಾಲ ಸಾಯುವುದಿಲ್ಲ. ಕಾಂಟ್ರಾಕ್ಟ್ ಕಾಯ್ದೆಯ 25(3)ರಡಿ ಹೊಸದಾಗಿ ಬರೆದುಕೊಟ್ಟರೆ ಮತ್ತೆ ಜೀವ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ಕರಾರು, ನಿರ್ಲಕ್ಷ್ಯದಿಂದಾದ ಆರ್ಥಿಕ ನಷ್ಟ ಮುಂತಾದವಕ್ಕೆ 1973ರ ವಾಯಿದೆ ಕಾಯ್ದೆಯ 6ನೇ ಕಲಮಿನ ಪ್ರಕಾರ ಐದು ವರ್ಷ. ಮುಗಿದ ದಿನ ಋಣವೇ ಇಲ್ಲವಾಗುತ್ತದೆ. ಇದರ ಒಳಗೆ ಇನ್ನೊಂದು ಬಲೆ: ಇಲ್ಲಿ ದಾವೆ ಸಲ್ಲಿಸಿದ ದಿನ ಲೆಕ್ಕಕ್ಕೆ, ಅಲ್ಲಿ ಪ್ರತಿವಾದಿಗೆ ಜಾರಿಯಾದ ದಿನ ಲೆಕ್ಕಕ್ಕೆ. ಶುಕ್ರವಾರ ಐದು ವರ್ಷ ತುಂಬುತ್ತದೆ ಎಂದಿಟ್ಟುಕೊಳ್ಳಿ. ಗುರುವಾರ ಕೋರ್ಟಿಗೆ ಹಾಕಿ, ಸೋಮವಾರ ಜಾರಿಯಾದರೆ ಕಕ್ಷಿದಾರನ ಹಕ್ಕು ಹೋಯಿತು. ಅವನ ಮುಂದಿನ ದಾವೆ ನಿಮ್ಮ ಮೇಲೆ.

ಐದು ವರ್ಷ ಎಂದಿನಿಂದ ಎಣಿಸಬೇಕು ಎಂಬುದೂ ಬದಲಾಗಿದೆ. 2017ರಲ್ಲಿ ಯುಕೆ ಸುಪ್ರೀಂ ಕೋರ್ಟು, ಖರ್ಚು ಆಗಿದೆ ಎಂದು ಗೊತ್ತಿದ್ದರೆ ಸಾಕು, ಅದು ನಷ್ಟ ಎಂದು ಗೊತ್ತಿಲ್ಲದಿದ್ದರೂ ಗಡಿಯಾರ ಓಡುತ್ತದೆ ಎಂದಿತ್ತು. ಕೆಟ್ಟ ಸಲಹೆ ಪಡೆದವರಿಗೆ ಅದು ತಿಳಿಯುವ ಮುಂಚೆಯೇ ವಾಯಿದೆ ಮುಗಿದುಹೋಗುತ್ತಿತ್ತು. 2018ರ ತಿದ್ದುಪಡಿ 2025ರ ಫೆಬ್ರವರಿ 28ರಂದು ಜಾರಿಗೆ ಬಂದು ಇದನ್ನು ಸರಿಮಾಡಿತು. ನಷ್ಟವಾಗಿದೆ, ಅದು ಒಬ್ಬರ ಕೃತ್ಯ ಅಥವಾ ಲೋಪದಿಂದ ಆಗಿದೆ, ಆ ಒಬ್ಬರು ಯಾರು, ಈ ಮೂರೂ ತಿಳಿದ ಅಥವಾ ತಿಳಿಯಬಹುದಾಗಿದ್ದ ದಿನದಿಂದ ಈಗ ಎಣಿಕೆ. ಹಳೆಯ ಕಡತ ಕೈಗೆ ಬಂದರೆ ಆ ದಿನಾಂಕದ ಆಚೆಯೋ ಈಚೆಯೋ ಎಂದು ಮೊದಲು ನೋಡಿ.

ಕರಾರಿಗೆ ಪ್ರತಿಫಲ ಬೇಕೆಂಬ ನಿಯಮವೂ ಅಲ್ಲಿಲ್ಲ. ಏನೂ ಪಡೆಯದೆ ಕೊಟ್ಟ ಮಾತೂ ಕಟ್ಟುತ್ತದೆ. ವ್ಯಾಪಾರದ ಹೊರಗಿನದಾದರೆ 1995ರ ಕಾಯ್ದೆಯಂತೆ ಬರವಣಿಗೆಯಲ್ಲಿರಬೇಕು, ಅಷ್ಟೆ.

ಮನೆ ಮಾರಾಟದಲ್ಲಿ ನಮ್ಮಂತೆ ಅಡ್ವಾನ್ಸ್ ಕೊಟ್ಟು ಸೇಲ್ ಅಗ್ರಿಮೆಂಟಿಗೆ ಎರಡೂ ಕಡೆಯವರು ಸಹಿ ಹಾಕುವ ಪದ್ಧತಿ ಇಲ್ಲ. ಎರಡು ಕಡೆಯ ಸಾಲಿಸಿಟರುಗಳು ಪರಸ್ಪರ ಬರೆಯುವ ಪತ್ರಗಳೇ ಕರಾರು. ಅವಕ್ಕೆ ಮಿಸಿವ್ಸ್ ಎನ್ನುತ್ತಾರೆ. ಕೊನೆಯ ಒಪ್ಪಿಗೆ ಪತ್ರ ತಲುಪಿದ ಕ್ಷಣ ಇಬ್ಬರೂ ಬಂಧಿತರು. ಅಂದರೆ ಕಕ್ಷಿದಾರರನ್ನು ಕಟ್ಟಿಹಾಕುವ ಸಹಿ ನಿಮ್ಮದು. ಬಂದ ಪತ್ರಕ್ಕೆ ಷರತ್ತು ಉಳಿದಿದೆಯೇ ನೋಡದೆ 'ಒಪ್ಪಿದ್ದೇವೆ' ಎಂದು ಬರೆದರೆ ಸಾಲ ಮಂಜೂರಾಗದಿದ್ದರೂ ಖರೀದಿದಾರ ಸಿಕ್ಕಿಬೀಳುತ್ತಾನೆ. ಹೆಚ್ಚಿನ ಬೆಲೆ ಬಂತೆಂದು ಮಾರುವವರು ಮೊದಲು ಒಪ್ಪಿದ್ದನ್ನು ಬಿಡಲು ಹೊರಟರೆ, ಲಾ ಸೊಸೈಟಿಯ ಮಾರ್ಗಸೂಚಿಯಂತೆ ಸಾಲಿಸಿಟರ್ ಆ ಕಡತದಿಂದ ಹಿಂದೆ ಸರಿಯಬೇಕು. ನಮ್ಮ ಇ.ಸಿ.ಯಂತೆ ಋಣಭಾರದ ಶೋಧನೆ ಅಲ್ಲೂ ಇದೆ. ಜೊತೆಗೆ 35 ದಿನ ಸರದಿ ಕಾಯ್ದಿರಿಸುವ ಮುಂಗಡ ಸೂಚನೆಯನ್ನು ಭೂ ನೋಂದಣಿಗೆ ಹಾಕುತ್ತಾರೆ, ನಡುವೆ ಬೇರೆ ಯಾರೂ ನುಗ್ಗದಿರಲಿ ಎಂದು. ಮುದ್ರಾಂಕದ ಬದಲು ಎಲ್‌ಬಿಟಿಟಿ ತೆರಿಗೆ: 1,45,000 ಪೌಂಡ್‌ವರೆಗೆ ಇಲ್ಲ, ಮೊದಲ ಮನೆ ಕೊಳ್ಳುವವರಿಗೆ 1,75,000ದವರೆಗೆ ಇಲ್ಲ. ಎರಡನೇ ಮನೆಗೆ ಹೆಚ್ಚುವರಿ ತೆರಿಗೆ 2024ರ ಡಿಸೆಂಬರ್ 5ರಿಂದ ಪೂರ್ತಿ ಬೆಲೆಯ ಮೇಲೆ ಶೇ. 8. ಬೆಂಗಳೂರಿನಲ್ಲಿರುವ ಫ್ಲ್ಯಾಟೂ 'ಇನ್ನೊಂದು ಮನೆ'ಯೇ. ನಮ್ಮವರು ಇದನ್ನು ಸಾಲಿಸಿಟರಿಗೆ ಹೇಳುವುದೇ ಇಲ್ಲ, ಕೇಳುವುದು ನಿಮ್ಮ ಕೆಲಸ.

ಉತ್ತರಾಧಿಕಾರ: ಒಂದು ಲೆಕ್ಕ

ಟ್ರಸ್ಟ್ ಮತ್ತು ಉತ್ತರಾಧಿಕಾರ ಕಾಯ್ದೆ 2024 ನೀವು ಮೊದಲು ಓದಬೇಕಾದದ್ದು. 1921ರ ಟ್ರಸ್ಟ್ ಕಾಯ್ದೆಯ ಜಾಗಕ್ಕೆ ಬರಲು ಮಾಡಿದ ಕಾಯ್ದೆ ಇದು. ಇದರೊಳಗಿನ ಉತ್ತರಾಧಿಕಾರದ ಒಂದು ಸಣ್ಣ ತಿದ್ದುಪಡಿ 2024ರ ಏಪ್ರಿಲ್ 30ರಿಂದ ಜಾರಿಯಲ್ಲಿದೆ.

ಗಂಡ ವಿಲ್ ಇಲ್ಲದೆ ತೀರಿಕೊಂಡ. ಮಕ್ಕಳಿಲ್ಲ. ಹೆಂಡತಿ ಇದ್ದಾಳೆ, ಮಂಡ್ಯದಲ್ಲಿ ತಾಯಿ ತಂದೆ, ಒಬ್ಬ ತಮ್ಮ ಇದ್ದಾರೆ. ಗ್ಲಾಸ್ಗೋದಲ್ಲಿ ಅವನೊಬ್ಬನ ಹೆಸರಿನ, ಸಾಲವಿಲ್ಲದ 3,00,000 ಪೌಂಡಿನ ವಾಸದ ಮನೆ, ಒಂದಿಷ್ಟು ಪೀಠೋಪಕರಣ, ಬ್ಯಾಂಕಿನಲ್ಲಿ 2,00,000. ಅವನ ಡೊಮಿಸೈಲ್ (ಕಾನೂನಿನ ಕಣ್ಣಲ್ಲಿ ಕಾಯಂ ನೆಲೆ) ಸ್ಕಾಟ್ಲೆಂಡ್ ಎಂದುಕೊಳ್ಳಿ. ಹೆಂಡತಿಗೆ ಮೊದಲ ಹಕ್ಕಾಗಿ 4,73,000 ಪೌಂಡ್‌ವರೆಗಿನ ಮನೆ, 29,000ದವರೆಗಿನ ಪೀಠೋಪಕರಣ, ಮಕ್ಕಳಿಲ್ಲದ್ದರಿಂದ 89,000 ನಗದು. ಮಕ್ಕಳಿದ್ದರೆ ನಗದು 50,000 ಮಾತ್ರ. ಮನೆ ಪೂರ್ತಿ ಅವಳದಾಯಿತು, ಬ್ಯಾಂಕಿನಲ್ಲಿ ಉಳಿದದ್ದು 1,11,000. ಚರ ಸ್ವತ್ತಿನಲ್ಲಿ ಅರ್ಧ ಅವಳ ಕಾನೂನುಬದ್ಧ ಹಕ್ಕು, 55,500. ಇನ್ನುಳಿದ 55,500 ಯಾರಿಗೆ? ಹಳೆಯ ಕಾನೂನಿನಲ್ಲಿ ಅರ್ಧ ತಂದೆತಾಯಿಗೆ, ಅರ್ಧ ತಮ್ಮನಿಗೆ ಹೋಗುತ್ತಿತ್ತು, ಹೆಂಡತಿಯ ಸರದಿ ಅವರ ನಂತರ. ಈಗ ಮಕ್ಕಳಿಲ್ಲದಿದ್ದರೆ ಹೆಂಡತಿ ಮುಂದಿನ ವಾರಸುದಾರಳು, ಅದೂ ಅವಳಿಗೇ.

ಈಗ ಡೊಮಿಸೈಲ್ ಬದಲಿಸಿ. ಅವನು 'ಹತ್ತು ವರ್ಷ ದುಡಿದು ಮಂಡ್ಯಕ್ಕೇ ವಾಪಸ್' ಎನ್ನುತ್ತಿದ್ದ, ಡೊಮಿಸೈಲ್ ಭಾರತದ್ದೇ ಉಳಿದಿತ್ತು. ಆಗ ಗ್ಲಾಸ್ಗೋದ ಮನೆಗೆ ಸ್ಕಾಟ್ ಕಾನೂನು, ಬ್ಯಾಂಕಿನ ಹಣಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಹೆಂಡತಿ ಮತ್ತು ತಾಯಿ ಇಬ್ಬರೂ ಮೊದಲ ವರ್ಗದ ವಾರಸುದಾರರು, ಸಮಪಾಲು. ತಂದೆ ಎರಡನೇ ವರ್ಗ, ಅವರಿಗೆ ಏನೂ ಇಲ್ಲ. ಮಂಡ್ಯದ ಗದ್ದೆಗೆ ಡೊಮಿಸೈಲ್ ಎಲ್ಲಿದ್ದರೂ ನಮ್ಮ ಕಾನೂನೇ. ಒಂದೇ ಸಾವು, ಎರಡು ಕಾನೂನು, ಮಧ್ಯೆ ಅತ್ತೆ ಸೊಸೆ. ಡೊಮಿಸೈಲ್ ತೀರ್ಮಾನವಾಗುವುದು ಪಾಸ್‌ಪೋರ್ಟಿನಿಂದಲ್ಲ, ಕಾಯಂ ನೆಲೆಸುವ ಉದ್ದೇಶದಿಂದ. ಆ ಉದ್ದೇಶವನ್ನು ತೋರಿಸುವ ಸಾಕ್ಷ್ಯ ಒಟ್ಟುಮಾಡಬಲ್ಲವರು, ಅವನ ಕನ್ನಡ ಪತ್ರ, ಸಂದೇಶ ಓದಬಲ್ಲವರು ಗ್ಲಾಸ್ಗೋದಲ್ಲಿ ಎಷ್ಟು ಜನ ಇದ್ದಾರೆ?

ವಿಲ್ ಬರೆದರೆ ಇದೆಲ್ಲ ತಪ್ಪುತ್ತದೆ ಎಂದುಕೊಳ್ಳಬೇಡಿ. ಸ್ಕಾಟ್ ಕಾನೂನಿನಲ್ಲಿ ಚರ ಸ್ವತ್ತಿನ ಮೇಲೆ ಸಂಗಾತಿಗೂ ಮಕ್ಕಳಿಗೂ ಇರುವ ಹಕ್ಕು ವಿಲ್‌ಗೂ ಬಗ್ಗುವುದಿಲ್ಲ. ಇಬ್ಬರೂ ಇದ್ದರೆ ಸಂಗಾತಿಗೆ ಮೂರನೇ ಒಂದು, ಮಕ್ಕಳಿಗೆಲ್ಲ ಸೇರಿ ಮೂರನೇ ಒಂದು. ವಿಲ್‌ನಲ್ಲಿ ಬಿಟ್ಟ ಮಗ ಬಂದು ಕೇಳಿದರೆ ಕೊಡಲೇಬೇಕು.

ಉಳಿದ ಬದಲಾವಣೆಗಳು

ಮೂವಬಲ್ ಟ್ರಾನ್ಸಾಕ್ಷನ್ಸ್ ಕಾಯ್ದೆ 2023, 2025ರ ಏಪ್ರಿಲ್ 1ರಿಂದ ಜಾರಿ. ಅದಕ್ಕೆ ಮುಂಚೆ ಬರಬೇಕಾದ ಸಾಲವನ್ನು ಬೇರೆಯವರಿಗೆ ವರ್ಗಾಯಿಸಲು ಪ್ರತಿ ಸಾಲಗಾರನಿಗೂ ತಿಳುವಳಿಕೆ ಪತ್ರ ಮುಟ್ಟಿಸಬೇಕಿತ್ತು. ಸಾವಿರ ಗ್ರಾಹಕರಿದ್ದರೆ ಸಾವಿರ ಪತ್ರ. ಈಗ ರಿಜಿಸ್ಟರಿನಲ್ಲಿ ದಾಖಲಿಸಿದರೆ ಸಾಕು. ನಮ್ಮ ಆಸ್ತಿ ವರ್ಗಾವಣೆ ಕಾಯ್ದೆಯ 130ನೇ ಕಲಮು ಓದಿದವರಿಗೆ ಅವರು ಇಷ್ಟು ದಿನ ಯಾಕೆ ಒದ್ದಾಡಿದರು ಎನ್ನಿಸುತ್ತದೆ. ಯಂತ್ರವನ್ನು ಕೈಬಿಡದೆ ಅಡವಿಡುವ ಸೌಲಭ್ಯವೂ ಬಂದಿದೆ. ಆರ್‌ಸಿ ಪುಸ್ತಕದ ಮೇಲೆ ಹೈಪೊಥಿಕೇಷನ್ ನೋಡಿ ಬೆಳೆದ ನಮಗೆ ಇದು ಹೊಸದಲ್ಲ.

ಕ್ರಿಮಿನಲ್ ಕಡೆ ಹೋಗದಿದ್ದರೂ ಪರೀಕ್ಷೆಗೆ ಬೇಕು. ಸ್ಕಾಟ್ಲೆಂಡಿನಲ್ಲಿ ಅಪರಾಧ ಸಾಬೀತಿಗೆ ಎರಡು ಸ್ವತಂತ್ರ ಮೂಲದ ಸಾಕ್ಷ್ಯ ಬೇಕು. ಅತ್ಯಾಚಾರದ ಪ್ರಕರಣಗಳು ಇಲ್ಲೇ ಬಿದ್ದುಹೋಗುತ್ತಿದ್ದವು. 2023ರ ಅಕ್ಟೋಬರಿನಲ್ಲಿ ಏಳು ನ್ಯಾಯಾಧೀಶರ ಪೀಠ, ಸಂತ್ರಸ್ತೆಯ ಆಘಾತದ ಸ್ಥಿತಿಯನ್ನು ಬೇರೆಯವರು ಕಂಡದ್ದು ಅವಳ ಹೇಳಿಕೆಗೆ ಸಮರ್ಥನೆಯಾಗಬಲ್ಲದು ಎಂದು 1997ರ ತೀರ್ಪನ್ನು ತಳ್ಳಿಹಾಕಿತು. 2024ರ ಅಕ್ಟೋಬರಿನಲ್ಲಿ ಒಂಬತ್ತು ನ್ಯಾಯಾಧೀಶರು, ಘಟನೆಯಾದ ಸ್ವಲ್ಪದರಲ್ಲೇ ಅವಳು ಇನ್ನೊಬ್ಬರಿಗೆ ಹೇಳಿದ ಮಾತಿಗೂ ಆ ಬೆಲೆ ಕೊಟ್ಟರು. 2025ರ ಸೆಪ್ಟೆಂಬರ್ 17ರಂದು ಪಾಸಾದ ಕಾಯ್ದೆ ತಪ್ಪಿತಸ್ಥ, ನಿರ್ದೋಷಿ ಎರಡೂ ಅಲ್ಲದ 'ನಾಟ್ ಪ್ರೂವನ್' (ಸಾಬೀತಾಗಿಲ್ಲ) ಎಂಬ ಮೂರನೇ ತೀರ್ಪನ್ನು ತೆಗೆಯಿತು. 15 ಜನರ ಜ್ಯೂರಿಯಲ್ಲಿ 8 ಮತ ಸಾಕಿದ್ದಲ್ಲಿ ಈಗ ಶಿಕ್ಷೆಗೆ 10 ಬೇಕು. 2026ರ ಜನವರಿ 1ರಿಂದ ಶುರುವಾಗುವ ವಿಚಾರಣೆಗಳಿಗೆ ಹೊಸ ಲೆಕ್ಕ. ಆರೋಪಿಯ ಕಡೆಗೆ ತಕ್ಕಡಿ ತುಸು ವಾಲಿದ್ದೂ ಇದೆ: 2025ರ ನವೆಂಬರಿನಲ್ಲಿ ಯುಕೆ ಸುಪ್ರೀಂ ಕೋರ್ಟು, ಲೈಂಗಿಕ ಅಪರಾಧಗಳಲ್ಲಿ ಪ್ರತಿವಾದದ ಸಾಕ್ಷ್ಯವನ್ನು ಸ್ಕಾಟ್ ಕೋರ್ಟುಗಳು ತಡೆಯುವ ರೀತಿ ನ್ಯಾಯಯುತ ವಿಚಾರಣೆಯ ಹಕ್ಕಿಗೆ ಧಕ್ಕೆ ತರಬಹುದು, ಅದನ್ನು ಸಡಿಲಿಸಬೇಕು ಎಂದಿತು, ಮುಂದಿದ್ದ ಅಪೀಲುಗಳನ್ನು ವಜಾ ಮಾಡುತ್ತಲೇ.

ಮೇಲೆ ಹೇಳಿದ ನಿಯಂತ್ರಣ ಕಾಯ್ದೆಯ ಹಿಂದೆ ಜಗಳವೇ ಇದೆ. 2018ರ ವರದಿಯೊಂದು ಇಡೀ ವೃತ್ತಿಗೆ ಹೊರಗಿನ ಒಬ್ಬ ಸ್ವತಂತ್ರ ನಿಯಂತ್ರಕ ಬೇಕು ಎಂದಿತು, ಸರ್ಕಾರ ಅಷ್ಟು ದೂರ ಹೋಗಲಿಲ್ಲ. ಬದಲಿಗೆ ಮಂತ್ರಿಗಳಿಗೇ ಅಧಿಕಾರ ಕೊಡುವ ಕಲಮುಗಳನ್ನು ಮಸೂದೆಯಲ್ಲಿ ಸೇರಿಸಿದಾಗ ಹಿರಿಯ ನ್ಯಾಯಾಧೀಶರೇ ಬಹಿರಂಗವಾಗಿ ವಿರೋಧಿಸಿದರು, ಅವು ಹೋದವು. ಹೋದದ್ದೇ ಒಳ್ಳೆಯದಾಯಿತು. 2025ರ ಮೇ 20ರಂದು ಪಾಸಾದ ರೂಪದಲ್ಲಿ ಲಾ ಸೊಸೈಟಿಯೇ ನಿಯಂತ್ರಕವಾಗಿ ಉಳಿಯಿತು. ವ್ಯಕ್ತಿಗಳ ಜೊತೆ ಸಂಸ್ಥೆಗಳಿಗೂ ಪರವಾನಗಿ ಬರುತ್ತದೆ, ದೂರಿನ ವ್ಯವಸ್ಥೆ ಬದಲಾಗುತ್ತದೆ. ಜಾರಿ ಹಂತಹಂತವಾಗಿ.

ದಿನನಿತ್ಯದ ಕೆಲಸ

ಪರವಾನಗಿ ವರ್ಷ ನವೆಂಬರ್ 1ರಿಂದ ಅಕ್ಟೋಬರ್ 31. ವರ್ಷಕ್ಕೆ 20 ಗಂಟೆ ವೃತ್ತಿ ಕಲಿಕೆ ಕಡ್ಡಾಯ. ಅಕ್ಟೋಬರಿನಲ್ಲಿ ಗಂಟೆ ಹುಡುಕಿಕೊಂಡು ಓಡುವವರು ಅಲ್ಲೂ ಇದ್ದಾರೆ. ಟ್ರೇನಿಗೆ ಎರಡು ವರ್ಷದಲ್ಲಿ 60 ಗಂಟೆ, ಮೂರು ತಿಂಗಳಿಗೊಮ್ಮೆ ಮೌಲ್ಯಮಾಪನ. ಕಚೇರಿಗಳೆಲ್ಲ ಒಂದೇ ಸಾಮೂಹಿಕ ವಿಮೆಯಡಿ, ಪ್ರತಿ ಕ್ಲೇಮಿಗೆ 20 ಲಕ್ಷ ಪೌಂಡ್‌ವರೆಗೆ.

ಮೈಸೂರಿನ ಕಚೇರಿಗೂ ಅಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಬರೆದಿಡುವುದರಲ್ಲಿದೆ. ಶುಲ್ಕ ಎಷ್ಟು, ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂದು ಕೆಲಸ ಶುರುವಾಗುವ ಮುನ್ನ ಪತ್ರ ಹೋಗಬೇಕು. ಫೋನಿನಲ್ಲಿ ಆಡಿದ ಮಾತಿಗೂ ಕಡತದಲ್ಲಿ ಟಿಪ್ಪಣಿ. ಸಮಯವನ್ನು ಆರು ನಿಮಿಷದ ಘಟಕದಲ್ಲಿ ದಾಖಲಿಸುವ ಕಚೇರಿಗಳೇ ಹೆಚ್ಚು. ಕಕ್ಷಿದಾರರ ಹಣ ಬೇರೆ ಖಾತೆಯಲ್ಲಿ, ಒಂದು ಪೌಂಡ್ ಅತ್ತಿತ್ತ ಆದರೂ ತಕರಾರು. 'ಆಮೇಲೆ ಅಡ್ಜಸ್ಟ್ ಮಾಡೋಣ' ಎಂಬ ಮಾತು ಅಲ್ಲಿ ವೃತ್ತಿಯನ್ನೇ ತೆಗೆಯುತ್ತದೆ.

ಕ್ರಿಮಿನಲ್ ಲೀಗಲ್ ಏಯ್ಡ್ (ಸರ್ಕಾರಿ ಖರ್ಚಿನ ಕಾನೂನು ನೆರವು) ಕೆಲಸಕ್ಕೆ ದರ ಕಡಿಮೆ; 2022ರಲ್ಲಿ ಅಲ್ಲಿನ ಆರೋಪಿ ಪರ ವಕೀಲರು ಕೌಟುಂಬಿಕ ದೌರ್ಜನ್ಯದ ಕೇಸುಗಳನ್ನು ಬಹಿಷ್ಕರಿಸಿದ್ದೂ ಉಂಟು. ಆ ಕಡೆ ಹೊಸಬರು ಬೇಕಾಗಿದ್ದಾರೆ, ಆದರೆ ಸಂಬಳ ನೋಡಿ ಹೋಗುವ ಕ್ಷೇತ್ರವಲ್ಲ.

ನಿಮ್ಮನ್ನು ಕಚೇರಿಗೆ ತೆಗೆದುಕೊಳ್ಳಲು ಕಾರಣ ಕೊಡುವುದು ನಿಮ್ಮ ಕರ್ನಾಟಕದ ಜ್ಞಾನವೇ. ಮನೆ ಕೊಳ್ಳುವ ಕನ್ನಡಿಗರ ಹಣ ಎಲ್ಲಿಂದ ಬಂತು ಎಂದು ಅಕ್ರಮ ಹಣ ತಡೆ ನಿಯಮದಡಿ ಸಾಲಿಸಿಟರ್ ಪರಿಶೀಲಿಸಲೇಬೇಕು. ಅಪ್ಪ ಹೆಬ್ಬಾಳದ ಸೈಟು ಮಾರಿ ಕಳಿಸಿದರು ಎಂದರೆ ಕ್ರಯಪತ್ರ, ಅಪ್ಪನ ಬ್ಯಾಂಕ್ ಪಾಸ್‌ಬುಕ್, ರವಾನೆಯ ಕಾಗದ ಮೂರೂ ಬೇಕು. ಭಾರತದಲ್ಲಿ ನೆಲೆಸಿದವರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್, ಅನಿವಾಸಿಯ ಎನ್‌ಆರ್‌ಒ ಖಾತೆಯಿಂದ ಹತ್ತು ಲಕ್ಷ ಡಾಲರ್ ಎಂಬ ಹೊರದೇಶಕ್ಕೆ ಹಣ ಕಳಿಸುವ ಮಿತಿ ಗೊತ್ತಿಲ್ಲದ ಕಚೇರಿಯಲ್ಲಿ ಕಡತ ವಾರಗಟ್ಟಲೆ ನಿಲ್ಲುತ್ತದೆ.

ಡಿಕ್ರಿ ಅಮಲ್ಜಾರಿಯಲ್ಲೂ ಹಾಗೆ. ಸಿಪಿಸಿ 44ಎ ಅಡಿ ಬ್ರಿಟನ್ನಿನ ಮೇಲ್ದರ್ಜೆಯ ಕೋರ್ಟುಗಳ ಹಣದ ಡಿಕ್ರಿಯನ್ನು ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ನೇರ ಅಮಲ್ಜಾರಿ ಮಾಡಿಸಬಹುದು. ಅಧಿಸೂಚನೆಯ ಪಟ್ಟಿಯಲ್ಲಿ ಕೋರ್ಟ್ ಆಫ್ ಸೆಷನ್ ಇದೆ, ಶೆರಿಫ್ ಕೋರ್ಟು ಇಲ್ಲ. 1,00,000 ಪೌಂಡ್‌ವರೆಗಿನ ದಾವೆ ಶೆರಿಫ್ ಕೋರ್ಟಿನಲ್ಲೇ ಹೂಡಬೇಕು, ಆದ್ದರಿಂದ ಅಂಥ ಡಿಕ್ರಿ ಹಿಡಿದು ಬೆಂಗಳೂರಿಗೆ ಬಂದವರು ಹೊಸ ದಾವೆಯನ್ನೇ ಹಾಕಬೇಕಾಗುತ್ತದೆ. ಪ್ರತಿವಾದಿಯ ಆಸ್ತಿ ಭಾರತದಲ್ಲಿ ಮಾತ್ರ ಇದ್ದರೆ ಇದನ್ನು ಮೊದಲ ದಿನವೇ ಹೇಳಬೇಕು.

ಕೊನೆಯದು ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಬೇರೆಯವರಿಗೆ ಕೊಡುವ ಅಧಿಕಾರಪತ್ರ. ಊರಿನ ಜಮೀನಿಗೆ ಅಣ್ಣನ ಹೆಸರಿಗೆ ಜಿಪಿಎ ಬರೆಯುವವರು ಅಲ್ಲಿನ ನೋಟರಿಯ ಮುಂದೆ (ಸಾಲಿಸಿಟರುಗಳೇ ಸಾಮಾನ್ಯವಾಗಿ ನೋಟರಿಗಳು) ಸಹಿ ಮಾಡಿ ಅಪೊಸ್ಟೈಲ್ (ಹೊರದೇಶದಲ್ಲಿ ನಡೆಯುವ ಸರ್ಕಾರಿ ದೃಢೀಕರಣ) ಹಾಕಿಸುತ್ತಾರೆ, ಇಲ್ಲವೇ ಎಡಿನ್‌ಬರೋದ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸುತ್ತಾರೆ. ಅಲ್ಲಿಗೆ ಮುಗಿಯಿತು ಎಂದುಕೊಂಡು ಅಣ್ಣ ಕಾಗದವನ್ನು ಬೀರುವಿನಲ್ಲಿ ಇಡುತ್ತಾನೆ. ಕರ್ನಾಟಕ ಮುದ್ರಾಂಕ ಕಾಯ್ದೆಯ 18ನೇ ಕಲಮಿನ ಪ್ರಕಾರ ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಆಗಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡ ಎಂದು ಅಣ್ಣನಿಗೆ ಹೇಳಿಸಿ. ಬಂದ ದಿನಕ್ಕೆ ಅದೇ ಸಾಕ್ಷಿ.